ಜಮೇದಾರರ ಯಾರ್ಡಿಗೆ ಲೋ ವೋಲ್ಟೇಜು

ಓದ್ತಾ ಇರೋ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲ್ತಿದ್ದು ಮೀಸೆ ಬಂದ ಮೇಲೆ. ಈಗ ಟೈಪ್ ಮಾಡ್ತಿರೋದೂ ಒಂದೇ ಬೆಳ್ಳಲ್ಲಿ, ಒಂದೊಂದೇ ಅಕ್ಷರ ಹುಡುಕ್ಕೊಂಡು. ಒತ್ತು, ದೀರ್ಘ ಎಲ್ಲಾದ್ರೂ ಜಾರಿದ್ರೆ, ಬಾಯಲ್ಲಿ ಆಡೋ ಮಾತೇ ಕಾಗ್ದಕ್ಕೆ ಬಂದ್ಬುಟ್ಟಿದ್ರೆ, ನಮ್ಮ ಪೈಕಿಯೋನು ಅಂತ ಹೊಟ್ಟೇಗಾಕ್ಕೊಳ್ಳಿ.

ಎಪ್ಪತ್ತರ ದಶಕ ಮುಗ್ದು ಎಂಬತ್ತು ಸುರುವಾಗ್ತಿದ್ದ ಕಾಲ. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದ್ಗಡೆ ಬೀದೀಲಿ ನಂದೊಂದು ಎಲೆಕ್ಟ್ರಿಕ್ ಅಂಗಡಿ ಇತ್ತು. ರೇಡಿಯೋ ರಿಪೇರಿ ಮಾಡ್ತಿದ್ದೆ, ಮದ್ವೆ ಮನೆಗೆ ಸೀರಿಯಲ್ ಸೆಟ್ ಹಾಕ್ತಿದ್ದೆ. ಒಂದಿನ ಬೆಳಗ್ಗೆ ಬಾಗ್ಲಿಗೆ ನೀರು ಹಾಕ್ತಿದ್ದಾಗ ಬೆಟ್ಟದ ಬುಡದ ಬೀದಿಯ ವಯಸ್ಸಾದ ಹೆಂಗಸೊಬ್ರು ಬಂದು ನಿಂತ್ರು.

"ಸಣ್ಣ ಸಣ್ಣ ಲೈಟು ಹಾಕೋನು ನೀನೇ ಏನಪ್ಪಾ?"

"ಹೂಂ ಕಣಮ್ಮ. ಮದ್ವೆ ಯಾವತ್ತು?"

"ಮದ್ವೆ ಅಲ್ಲಪ್ಪ. ರೈಲ್ವೆ ಯಾರ್ಡಿಗೆ ಹಾಕ್ಬೇಕು."

ಪಕ್ಕದ ಟೀ ಹೋಟ್ಲಿನೋನಿಗೆ ಕಿವಿ ಬಾಳ ಚುರುಕು. ಅಲ್ಲಿಂದ್ಲೇ ಕೂಗ್ದ. "ಲೇ, ಮಧುಗಿರಿಗೆ ರೈಲೇ ಬಂದಿಲ್ಲ, ನೀನು ಆಗ್ಲೇ ಕರೆಂಟ್ ಕೊಡಕ್ಕೆ ಹೊಂಟ್ಯಾ?"

ಅವನು ಹೇಳಿದ್ದೂ ನಿಜಾನೇ. ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಯಾವ ಊರಿಗೂ ರೈಲಿಲ್ಲ. ಆದ್ರೆ ಆ ಅಮ್ಮನ ಯಜಮಾನ್ರು ದೂರದ ಯಾವ್ದೋ ಮೀಟರ್ ಗೇಜ್ ಯಾರ್ಡಿನಲ್ಲಿ ಶಂಟಿಂಗ್ ಜಮೇದಾರ್ ಆಗಿದ್ದು ರಿಟೈರ್ ಆದೋರು. ಅಂದ್ರೆ ಕೈಲಿ ಲಾಂದ್ರ ಹಿಡ್ಕೊಂಡು, ಇಂಜಿನ್ನಿಗೆ ಮುಂದಕ್ಕೆ ಬಾ ಹಿಂದಕ್ಕೆ ಹೋಗು ಅಂತ ಸನ್ನೆ ಮಾಡ್ತಾ, ವ್ಯಾಗನ್ನುಗಳನ್ನ ಒಂದಕ್ಕೊಂದು ಜೋಡ್ಸೋ ಕೆಲಸ. ಊರಿಗೆ ಬಂದ ಮೇಲೆ ಮನೆಯ ನಡುಮನೇಲಿ ಆ ಯಾರ್ಡನ್ನೇ ಚಿಕ್ಕದಾಗಿ ಕಟ್ತಾ ಕೂತವ್ರಂತೆ.

"ಕಟ್ಕೊಳ್ಳಿ, ನಂದೇನೂ ತಕರಾರಿಲ್ಲ," ಅಂದ್ರು ಅಮ್ಮ. "ಕಣ್ಣಿಗೆ ಪೊರೆ ಬಂದೈತಪ್ಪ. ಒಂದು ಕಣ್ಣು ಹಿಂದೆ ಆಪ್ರೇಷನ್ ಮಾಡ್ಸಿ, ಕೀವಾಗಿ, ಹೋಗೇ ಹೋಯ್ತು. ಇನ್ನೊಂದು ಉಳ್ದೈತೆ. ಯುಗಾದಿ ಕಳೆದ್ ಮೇಲೆ ಸಿರಾದಾಗೆ ಕಣ್ಣಿನ ಕ್ಯಾಂಪೈತೆ. ಈಗ ತೆಗಿಸ್ದೆ ಬುಟ್ರೆ ಪೊರೆ ಮೀರಿ ಹಣ್ಣಾಗಿ ಈ ಕಣ್ಣೂ ಹೋಯ್ತದೆ ಅಂತ ಡಾಕ್ಟ್ರು ಹೇಳವ್ರೆ. ಈಯಪ್ಪ ಏನಂತಾನೆ ಗೊತ್ತಾ? ಯಾರ್ಡಿಗೆ ದೀಪ ಹತ್ತಿದ್ದನ್ನ ನೋಡಿದ್ ಮೇಲೇ ಬಸ್ ಹತ್ತೋದು, ಇದೂ ಹೋದ್ರೆ ಆಮೇಲೆ ಯಾವ ಕಣ್ಣಲ್ಲಿ ನೋಡ್ಲಿ ಅಂತಾನೆ."

ಸಂಜೆ ಬರ್ತೀನಿ ಅಂದೆ.

ಹೋಗಿ ನೋಡ್ದೆ. ನಡುಮನೆ ತುಂಬ ಹಲಗೆ ಹಾಸಿ, ಅದರ ಮೇಲೆ ಯಾರ್ಡು. ಹಳೇ ಸೈಕಲ್ ಕಡ್ಡೀನ ನೆಟ್ಟಗೆ ಮಾಡಿ ಹಳಿ ಮಾಡಿದ್ರು. ಬೇವಿನ ಕಡ್ಡಿ ಸೀಳಿ ಹಳಿ ಕೆಳಗಿನ ಸ್ಲೀಪರ್ರು. ಎಣ್ಣೆ ಡಬ್ಬದ ತಗಡಲ್ಲಿ ವ್ಯಾಗನ್ನು, ನೀರಿನ ಟ್ಯಾಂಕು, ಗೂಡ್ಸ್ ಶೆಡ್ಡು. ಇಂಜಿನ್ ಮಾತ್ರ ಹೊನ್ನೆ ಮರದ್ದು, ಒಂದು ಗೇಣುದ್ದ. ಇದ್ಯಾವ್ದೂ ಓಡಲ್ಲ. ಕೈಯಲ್ಲಿ ತಳ್ಳಿದ್ರೆ ಹೋಗ್ತದೆ. ಕಮ್ಮಾರ್ರ ಕುಲುಮೆಯಿಂದ ಇದ್ಲಿನ ಪುಡಿ ತಂದು ಹಳಿ ನಡುವೆ ಉದುರ್ಸಿದ್ರು. ಪೊರೆ ಬಂದ ಮೇಲೂ ಬೆಳ್ಳಲ್ಲಿ ತಡವಿ ತಡವಿ ಕಟ್ಟಿದಾರೆ ಅಂತ ಅಮ್ಮ ಹೇಳಿದ್ರು.

ಜಮೇದಾರ್ರು ಎತ್ತರದ ಆಳು. ನನ್ನ ಮುಖದ ಪಕ್ಕ ಎಲ್ಲೋ ನೋಡ್ಕೊಂಡು ಮಾತಾಡೋರು.

"ಈಗ ನಾನು ದುಡಿದ ಯಾರ್ಡಲ್ಲಿ ಎತ್ತರದ ಕಂಬ ನೆಟ್ಟು ಕರೆಂಟ್ ಹಾಕವ್ರಂತೆ. ನನಗೆ ಅದು ಬ್ಯಾಡ. ನಾನಿದ್ದಾಗ ಇದ್ದಂಗೆ ಇರ್ಬೇಕು."

"ಆಯ್ತು ಬುಡಿ, ಜಗಮಗ ಅನ್ನಂಗೆ ಮಾಡ್ಬುಡ್ತೀನಿ," ಅಂದೆ ನಾನು.

ಅವ್ರು ಏನೋ ಹೇಳಕ್ಕೆ ಬಾಯ್ ತೆಗ್ದು ಸುಮ್ಮನಾದ್ರು. ಅಲ್ಲೇ ನಾನು ಕೇಳ್ಬೇಕಿತ್ತು. ನಾನು ರಾತ್ರಿ ಯಾರ್ಡನ್ನ ಜನ್ಮದಾಗೆ ನೋಡಿದೋನಲ್ಲ. ನಮ್ಮ ಕಡೆ ಲೈಟು ಹಾಕೋದು ಅಂದ್ರೆ ಒಂದೇ ಅರ್ಥ. ಚಪ್ಪರದಾಗೆ ಒಂದು ಮೂಲೇಲೂ ಕತ್ಲೆ ಉಳೀಬಾರ್ದು. ಉಳಿದ್ರೆ ಹೆಣ್ಣಿನ ಕಡೆಯೋರು, "ಏನಯ್ಯಾ, ಲೈಟಿನೋನು ಅರ್ಧ ಕೆಲ್ಸ ಮಾಡಿ ಹೋಗವ್ನೆ" ಅಂತ ಬೈಯೋರು.

ಮೊದಲು ಸೀರಿಯಲ್ ಸೆಟ್ಟನ್ನೇ ಹಲಗೆ ಕೆಳಗಿಂದ ಎಳ್ದು, ತೂತು ಕೊರ್ದು, ಬಲ್ಬುಗಳನ್ನ ಮೇಲಕ್ಕೆ ತೂರಿಸ್ದೆ. ಸೀರಿಯಲ್ ಸೆಟ್ ಅಂದ್ರೆ ಸಣ್ಣ ಬಲ್ಬುಗಳನ್ನ ಮಾಲೆ ಥರ ಒಂದರ ಹಿಂದೆ ಒಂದು ಕಟ್ಟಿ ನೇರ ಮನೆ ಕರೆಂಟಿಗೆ ಕೊಡೋದು. ಮದ್ವೆ ಚಪ್ಪರದಾಗೆ ಅದು ಮೇಲೆ ನೇತಾಡ್ತಿರ್ತದೆ, ಯಾರ ಕೈಗೂ ಸಿಗಲ್ಲ. ಇಲ್ಲಿ ಎಲ್ಲ ತಗಡು, ಎಲ್ಲ ಕಬ್ಬಿಣದ ಕಡ್ಡಿ. ಒಂದು ವಯರಿನ ಸಿಪ್ಪೆ ಕಿತ್ತು ಹಳಿಗೆ ತಾಗಿತ್ತು. ವ್ಯಾಗನ್ ಸರಿಸಕ್ಕೆ ಕೈ ಹಾಕ್ದೆ ನೋಡಿ, ಮೊಣಕೈ ತಂಕ ಜುಂ ಅಂತು, ಹಿಂದಕ್ಕೆ ಗೋಡೆಗೆ ಹೋಗಿ ಬಡ್ಕೊಂಡೆ.

"ಏನದು ಸದ್ದು?" ಅಂದ್ರು ಜಮೇದಾರ್ರು.

"ಏನಿಲ್ಲ, ಶಂಟಿಂಗು," ಅಂದೆ. ಬಾಳ ನಕ್ಕರು. ತಡವಿ ತಡವಿ ನೋಡೋ ಮನುಷ್ಯ, ನಾಳೆ ಇದೇ ಹಳಿ ಮೇಲೆ ಕೈ ಇಡೋರು ಅವ್ರೇ ತಾನೆ? ಸೆಟ್ಟನ್ನ ಅವತ್ತೇ ಕಿತ್ತಾಕ್ದೆ.

ಹಾಳಾದ ಒಂದು ವಾಲ್ವ್ ರೇಡಿಯೋದಿಂದ ಟ್ರಾನ್ಸ್‌ಫಾರ್ಮರ್ ಬಿಚ್ಚಿದೆ. ಒಳಗಿನ ಗಾಜಿನ ವಾಲ್ವ್ ಬಿಸಿಯಾಗ್ಲಿ ಅಂತ ಅದ್ರಲ್ಲಿ ಆರು ವೋಲ್ಟು ಚಿಲ್ಲರೆ ಬರೋ ಎರಡು ಎಳೆ ಇರ್ತವೆ. ಮುಟ್ಟಿದ್ರೂ ಏನೂ ಆಗಲ್ಲ. ಅದಕ್ಕೆ ರೇಡಿಯೋದ ಮುಳ್ಳು ತೋರ್ಸೋ ಸಣ್ಣ ಬಲ್ಬುಗಳನ್ನ ಹಾಕ್ದೆ. ಪ್ಲಾಟ್‌ಫಾರಂ ಉದ್ದಕ್ಕೂ ಕಂಬ, ಶೆಡ್ಡೊಳಗೆ, ಆಫೀಸೊಳಗೆ, ಟ್ಯಾಂಕಿನ ಕೆಳಗೆ, ಸಿಗ್ನಲ್ಲಿಗೆ ಕೆಂಪು ಹಸ್ರು ಜಿಲೇಟಿನ್ ಕಾಗ್ದ. ಜಾಗ ಕಂಡಲ್ಲೆಲ್ಲ ಬಲ್ಬು. ಮುಗಿಸ್ದಾಗ ಬೀದಿ ಜನ ಎಲ್ಲ ಬಾಗ್ಲಲ್ಲಿ ಸೇರಿದ್ರು.

"ಮೈಸೂರು ಅರಮನೆ ನೋಡ್ದಂಗೈತಲ್ಲಮ್ಮಾ!"

"ನಮ್ಮೂರಿಗೆ ರೈಲು ತಂದ್ಬುಟ್ಟ ಕಣ್ಲಾ!"

ಜಮೇದಾರ್ರು ಸ್ಟೂಲ್ ಮೇಲೆ ಕೂತು, ಕತ್ತನ್ನ ಆ ಕಡೆ ಈ ಕಡೆ ತಿರುಗ್ಸಿ, "ಚೆನ್ನಾಗೈತೆ, ಬಾಳ ಚೆನ್ನಾಗೈತೆ" ಅಂದ್ರು. ಎದ್ದು ಒಳಗೆ ಹೋದ್ರು.

ಮಾರನೇ ದಿನ ಅಮ್ಮ ಅಂಗಡಿಗೆ ಬಂದ್ರು. ಬೆಂಚಿನ ಮೇಲೆ ಕೂತ್ಕೊಂಡು ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದ್ರು.

"ನಿನ್ ಮನ್ಸು ನೋಯಿಸ್ಬಾರ್ದು ಅಂತ ಚೆನ್ನಾಗೈತೆ ಅಂದ ಕಣಪ್ಪ. ಅವನಿಗೆ ಏನೂ ಕಾಣ್ಲಿಲ್ಲ. ಹತ್ತಿ ಗಾಡಿ ಮಗುಚ್ಕೊಂಡಂಗೆ ಬರೀ ಬೆಳ್ಳಗೆ ಕಾಣ್ತದಂತೆ. ಇನ್ನು ಕ್ಯಾಂಪಿಗೂ ಬರಲ್ಲ, ಏನಿಲ್ಲ, ಇರೋ ಮಂಜೇ ಸಾಕು ಅಂತ ಮುದುರ್ಕೊಂಡು ಮಲಗವ್ನೆ."

ಸಂಜೆ ಹೋದೆ. ಬಲ್ಬು ಇನ್ನೂ ಹತ್ತಿರ ಹತ್ತಿರ ಹಾಕ್ಬೇಕೇನೋ, ದೊಡ್ಡದು ಹಾಕ್ಬೇಕೇನೋ ಅಂತ ತಲೇಲಿ ಇತ್ತು. ನೋಡಿ, ಆಗ್ಲೂ ನನಗೆ ಬುದ್ಧಿ ಬಂದಿರ್ಲಿಲ್ಲ. ಅವರನ್ನ ಬಲವಂತ ಮಾಡಿ ಎಬ್ಬಿಸಿ, ಸ್ಟೂಲ್ ಮೇಲೆ ಕೂರಿಸಿ, ಸ್ವಿಚ್ ಹಾಕ್ದೆ.

ಹೊತ್ತು ಮುಳುಗೋ ಟೈಮಿಗೆ ನಮ್ಮ ಕಡೆ ವೋಲ್ಟೇಜ್ ಬೀಳೋದು ಎಲ್ಲರಿಗೂ ಗೊತ್ತಿರೋದೇ. ಕೊಡಿಗೇನಹಳ್ಳಿ ಕಡೆ ತೋಟದ ಪಂಪ್‌ಸೆಟ್ಟುಗಳು ಒಂದೊಂದಾಗಿ ಸುರುವಾದ್ರೆ ಮನೆ ಬಲ್ಬು ಕುಂಬಳದ ಹೂವಿನ ಬಣ್ಣಕ್ಕೆ ತಿರುಗ್ತವೆ. ಅವತ್ತೂ ಅಂಗೇ ಆಯ್ತು. ಬೆಳ್ಳಗೆ ಉರೀತಿದ್ದ ಯಾರ್ಡು ಹಳದಿ ಆಯ್ತು, ಆಮೇಲೆ ಕೆಂಡದಂಗಾಯ್ತು. ನಡುಮನೆ ತುಂಬ ಕತ್ಲೆ ಹರಡ್ತು.

"ಥೂ, ಈ ಕರೆಂಟಿನ ಹಣೇಬರಹ," ಅಂತ ಸ್ವಿಚ್ಚಿಗೆ ಕೈ ಹಾಕ್ದೆ.

"ಬುಡು!" ಅಂತ ಜಮೇದಾರ್ರು ನನ್ನ ಕೈ ಹಿಡ್ಕೊಂಡ್ರು. ಕೈ ಬಿಗಿ ಇತ್ತು. "ಮುಟ್ಬೇಡ ಕಣ್ಲಾ. ಅಂಗೇ ಇರ್ಲಿ. ಅಕಾ, ಅದು ಹೋಂ ಸಿಗ್ನಲ್ಲಲ್ವಾ? ಕೆಂಪಗೆ... ಅಲ್ಲಿ?"

ಅವರ ಬೆಳ್ಳು ತೋರ್ಸಿದ ಕಡೆ ನೋಡ್ದೆ. ಹೋಂ ಸಿಗ್ನಲ್ಲೇ, ಸ್ಟೇಷನ್ನಿನ ಬಾಗ್ಲಲ್ಲಿ ರೈಲನ್ನ ತಡೆಯೋದು.

ಅಷ್ಟ್ರಲ್ಲಿ ಯಾವ ತೋಟದ ಮೋಟ್ರು ನಿಂತ್ವೋ, ವೋಲ್ಟೇಜ್ ಏರ್ತು. ಬಲ್ಬುಗಳೆಲ್ಲ ಪಳ್ ಅಂತ ಬೆಳ್ಳಗಾದ್ವು. ಅವ್ರ ಬೆಳ್ಳು ಗಾಳೀಲೇ ನಿಂತ್ಬುಡ್ತು.

"ಹೋಯ್ತು," ಅಂದ್ರು.

ನಾನು ಸ್ವಿಚ್ ಆರಿಸಿ ಅವರ ಪಕ್ಕ ಕೂತೆ. ಅವ್ರೇ ಮಾತಾಡಿದ್ರು, ನಿಧಾನಕ್ಕೆ.

"ನೀನು ಊರಿಗೆ ಲೈಟ್ ಹಾಕ್ದಂಗೆ ಹಾಕಿದೀಯ. ಊರಲ್ಲಿ ದೀಪ ಹಚ್ಚೋದು ಬೇರೆ ವಸ್ತು ನೋಡಕ್ಕೆ. ಯಾರ್ಡಲ್ಲಿ ಅಂಗಲ್ಲ. ಅಲ್ಲಿ ದೀಪಾನೇ ನೋಡ್ಬೇಕು. ಸುತ್ತಾ ಕತ್ಲೆ ಇದ್ರೆ ತಾನೆ ಅದು ಕಾಣೋದು? ಸೀಮೆಎಣ್ಣೆ ದೀಪ ಕಣಯ್ಯ ನಮ್ಮವು. ಒಂದು ಬೀಡಿ ಬೆಂಕಿಯಷ್ಟು."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನು ಅಷ್ಟು ಖುಷಿಯಾಗಿದ್ದೆ. ಎಂಗೇಳ್ಲಿ?"

ನನ್ನ ಜೀವಮಾನ ಎಲ್ಲ ಲೋ ವೋಲ್ಟೇಜನ್ನ ಬೈಕೊಂಡು, ಅದನ್ನ ಏರ್ಸೋಕೆ ದಾರಿ ಹುಡುಕ್ಕೊಂಡು ಬಂದೋನು ನಾನು. ಅವತ್ತು ಮನೆಗೆ ನಡ್ಕೊಂಡು ಹೋಗ್ತಾ ಒಂದು ತೀರ್ಮಾನಕ್ಕೆ ಬಂದೆ. ಹಾಕಿದ್ದನ್ನೆಲ್ಲ ಕೀಳ್ಬೇಕು. ಬೇಕಂತಲೇ ಲೋ ವೋಲ್ಟೇಜ್ ಮಾಡ್ಬೇಕು. ಕ್ಯಾಂಪಿಗೆ ಇನ್ನೊಂದು ವಾರಾನೂ ಇರ್ಲಿಲ್ಲ.

ಟೀ ಹೋಟ್ಲಿನೋನಿಗೆ ಇದು ಹಿಡಿಸ್ಲಿಲ್ಲ. "ಊರೆಲ್ಲ ನೋಡಕ್ಕೆ ಬರ್ತೈತೆ, ನೀನು ಕಿತ್ತಾಕ್ತೀನಿ ಅಂತೀಯ. ಮದ್ವೆ ಆರ್ಡರ್ ತಾನಾಗೇ ಬರೋದು ಕಣ್ಲಾ ಅದ್ನ ನೋಡಿ!"

"ನೋಡಕ್ಕೆ ಬರೋರ್ಗೆಲ್ಲ ಕಣ್ಣೈತೆ. ಅವ್ರು ಇನ್ನೊಂದಿನ ನೋಡ್ತಾರೆ ಬುಡು," ಅಂದೆ.

ಸೀಮೆಎಣ್ಣೆ ಸಿಗ್ನಲ್ಲು ನೋಡ್ದೆ ಮಾಡಿದ್ರೆ ಮತ್ತೆ ತಪ್ಪಾಗ್ತದೆ ಅಂತ ಮಾರನೇ ದಿನ ಬೆಳಗ್ಗೇನೇ ಅಂಗಡಿ ಬಾಗ್ಲು ಹಾಕಿ ಕೊಡಿಗೇನಹಳ್ಳಿ ಮೇಲೆ ಹಿಂದೂಪುರದ ಬಸ್ ಹತ್ತಿದೆ. ಅಲ್ಲಿಂದ ರೈಲಲ್ಲಿ ಒಂದು ಸಣ್ಣ ಸ್ಟೇಷನ್ನಿಗೆ. ಆ ಕಡೆ ಆಗ ಇನ್ನೂ ಮೀಟರ್ ಗೇಜು. ಕಂಬದ ದೀಪಕ್ಕೆ ಎಣ್ಣೆ ಹಾಕೋ ಲ್ಯಾಂಪ್‌ಮನ್ನು ಒಂದು ಕೋಣೇಲಿ ಬತ್ತಿ ಕತ್ತರಿಸ್ತಾ ಕೂತಿದ್ದ. ತೆಲುಗಿನ ಆಳು.

"ಎವರು ಕಾವಾಲಪ್ಪಾ?"

"ಯಾರೂ ಬ್ಯಾಡಣ್ಣ. ದೀಪ ನೋಡಕ್ಕೆ ಬಂದೆ."

"ದೀಪಮಾ? ಮೀ ಊರ್ಲೋ ಕರೆಂಟ್ ಲೇದಾ?"

"ಐತೆ. ಅದೇ ತೊಂದ್ರೆ ಆಗಿರೋದು."

ಅವನಿಗೆ ನಗು ತಡೀಲಿಲ್ಲ. ವಿಷಯ ಕೇಳಿದ ಮೇಲೆ ಬತ್ತಿ ಕತ್ತರಿಸೋದನ್ನ ಬುಟ್ಟು ಎಲ್ಲಾನೂ ತೋರಿಸ್ದ. ದೀಪ ಇರೋದು ಒಂದು ತಗಡಿನ ಗೂಡೊಳಗೆ. ಮುಂದೆ ಒಂದು ದುಂಡು ಗಾಜು, ಹಿಂದೆ ಒಂದು ಸಣ್ಣ ತೂತು. ಆ ತೂತು ಯಾಕೆ ಅಂದ್ರೆ ದೀಪ ಉರೀತಾ ಐತಾ ಆರೋಗೈತಾ ಅಂತ ಸ್ಟೇಷನ್ನಿನೋರು ಹಿಂದ್ಗಡೆಯಿಂದ ತಿಳ್ಕೊಳ್ಳೋಕೆ. ಗೂಡಿಂದ ಬೇರೆ ಎಲ್ಲಿಂದ್ಲೂ ಬೆಳಕು ಸೋರಂಗಿಲ್ಲ. ಸಿಗ್ನಲ್ ಕಂಬದ ರೆಕ್ಕೆಗೆ ಎರಡು ಬಣ್ಣದ ಗಾಜು ಕೂರಿಸಿರ್ತಾರೆ. ರೆಕ್ಕೆ ಆಡಿದಾಗ ಒಂದಲ್ಲ ಒಂದು ಗಾಜು ದೀಪದ ಮುಂದಕ್ಕೆ ಬರ್ತದೆ. ಒಂದು ಕೆಂಪು, ಸರಿ. ಇನ್ನೊಂದನ್ನ ನೋಡಿ ನಾನು ನಿಂತ್ಬುಟ್ಟೆ.

"ಇದು ನೀಲಿ ಅಲ್ವೇನಣ್ಣ? ಹಸ್ರು ಎಲ್ಲಿ?"

"ಪಗಲು ನೀಲಂ," ಅಂದ ಅವನು, ಹಗಲಿಗೆ ಮಾತ್ರ ನೀಲಿ ಅಂತ. "ವೆನಕ ದೀಪಂ ಪೆಟ್ಟಿ ಚೂಡು, ಪಚ್ಚಗ ಉಂಟುಂದಿ."

ಒಂದು ದೀಪ ಹಚ್ಚಿ ನೀಲಿ ಗಾಜಿನ ಹಿಂದೆ ಹಿಡ್ದ. ಹಸ್ರು! ಸೀಮೆಎಣ್ಣೆ ಉರಿ ಹಳದಿ ತಾನೆ, ನೀಲಿ ಮೇಲೆ ಹಳದಿ ಬಿದ್ರೆ ಹಸ್ರಾಗ್ತದೆ. ಹಸ್ರು ಗಾಜನ್ನೇ ಹಾಕಿದ್ರೆ ಕೊಳೆ ಕೊಳೆ ಬಣ್ಣ ಬರ್ತದೆ. ನಾನು ಜಮೇದಾರ್ರ ಮನೇಲಿ ಹಸ್ರು ಕಾಗ್ದ ಸುತ್ತಿ ಇಟ್ಟಿದ್ದು ನೆನಪಾಗಿ ಕೈ ಕೈ ಹಿಸುಕ್ಕೊಂಡೆ. ಹೊತ್ತು ಮುಳುಗೋ ತಂಕ ಅಲ್ಲೇ ಪ್ಲಾಟ್‌ಫಾರಂ ತುದೀಲಿ ಕೂತು, ಅವನು ಏಣಿ ಹತ್ತಿ ದೀಪ ಇಟ್ಟು ಬರೋದನ್ನ ನೋಡ್ದೆ. ದೂರಕ್ಕೆ ಅದು ಸಾಸಿವೆ ಕಾಳಷ್ಟು. ಹಳಿ ಕಾಣಲ್ಲ, ಕಂಬ ಕಾಣಲ್ಲ. ಸಾಸಿವೆ ಮಾತ್ರ ಕಾಣ್ತದೆ, ಆದ್ರೆ ಕಣ್ಣು ಕಿತ್ಕೊಂಡು ಬರಲ್ಲ.

ವಾಪಸ್ ಬಂದು ಕೆಲ್ಸ ಸುರು ಮಾಡ್ದೆ. ಮೊದಲು ಜಮೇದಾರ್ರನ್ನ ಕೂರಿಸ್ಕೊಂಡು ಕೇಳ್ದೆ.

"ಡ್ಯೂಟೀಲಿ ನೀವು ಯಾವ ಯಾವ ದೀಪ ನೋಡ್ತಿದ್ರಿ?"

ಕಣ್ಣು ಮುಚ್ಕೊಂಡು ಹೇಳ್ತಾ ಹೋದ್ರು. ದೂರದಲ್ಲಿ ಔಟರ್ ಸಿಗ್ನಲ್ಲು, ಈಚೆಗೆ ಹೋಂ. ಹಳಿ ಕವಲೊಡೆಯೋ ಕಡೆ ನೆಲದ ಮೇಲಿನ ಪಾಯಿಂಟ್ ದೀಪ. ಇಂಜಿನ್ನಿಗೆ ನೀರು ಬುಡೋ ಸೊಂಡಿಲಿನ ತುದೀಲಿ ಒಂದು ಕೆಂಪು. ಗೂಡ್ಸ್ ಶೆಡ್ಡಲ್ಲಿ ಲೋಡಿಂಗ್ ಇದ್ರೆ ಮಾತ್ರ ಒಂದು ಗ್ಯಾಸ್ ಲೈಟು. ಕೊನೇಲಿ ಗಾರ್ಡ್ ಕೂರೋ ಬ್ರೇಕ್ ವ್ಯಾನಿನ ಹಿಂದೆ ಟೈಲ್ ಲ್ಯಾಂಪು. ಆಮೇಲೆ ಇಂಜಿನ್ನಿನ ಒಲೆ.

"ಆಫೀಸು? ಪ್ಲಾಟ್‌ಫಾರಂ?"

"ಆಫೀಸ್ ಬಾಗ್ಲು ಯಾವಾಗ್ಲೂ ಹಾಕಿರ್ತಿತ್ತು. ಪ್ಲಾಟ್‌ಫಾರಂ ಪ್ಯಾಸೆಂಜರ್ನೋರ್ದು, ನಮ್ದಲ್ಲ."

ಅವ್ರು ಹೇಳಿದ್ದಷ್ಟನ್ನೇ ಉಳಿಸ್ಕೊಂಡೆ. ಬಾಕಿ ಬಲ್ಬೆಲ್ಲ ಡಬ್ಬಕ್ಕೆ ಹೋದ್ವು. ಉಳಿದ ಒಂದೊಂದು ಬಲ್ಬಿಗೂ ಹಲಗೆ ಕೆಳಗೆ ಮುಚ್ಚಿಟ್ಟ ಇನ್ನೊಂದು ಬಲ್ಬನ್ನ ಜೋಡಿ ಮಾಡಿ ಒಂದರ ಹಿಂದೆ ಒಂದು ಕಟ್ಟಿದೆ. ಅಂಗೆ ಮಾಡಿದ್ರೆ ಆರು ವೋಲ್ಟನ್ನ ಅರ್ಧರ್ಧ ಹಂಚ್ಕೊಂಡು, ಎರಡೂ ಸೀಮೆಎಣ್ಣೆ ದೀಪದ ಬಣ್ಣಕ್ಕೆ ಉರೀತವೆ. ಗ್ಯಾಸ್ ಲೈಟಿಗೆ ಮಾತ್ರ ಪೂರ್ತಿ ಕೊಟ್ಟೆ, ಅದು ನಿಜವಾಗ್ಲೂ ಬೆಳ್ಳಗೇ ಇರೋದು. ಆಮೇಲೆ ಅದನ್ನ ಶೆಡ್ಡಿನ ಒಳಗೋಡೆ ಹಿಂದಕ್ಕೆ ತಳ್ಳಿದೆ, ಅವರ ಕಣ್ಣಿಗೆ ನೇರ ಹೊಡೀದಂಗೆ, ಬಾಗ್ಲಲ್ಲಿ ಒಂದು ಚೂರು ಬೆಳಕು ಬಿದ್ರೆ ಸಾಕು ಅಂತ.

ತಗಡು ಸುತ್ತಿ ಗೂಡು ಮಾಡಿ, ಒಂದೊಂದು ಬಲ್ಬಿಗೂ ಮುಂದೆ ಸೂಜಿ ತೂತು. ಅಂಚಲ್ಲಿ ಬೆಳಕು ಸೋರ್ತಿತ್ತು. ಅಮ್ಮ ಒಲೆ ಮೇಲಿನ ಮಸಿ ಕೆರ್ದು ರಾಗಿ ಅಂಬ್ಲೀಲಿ ಕಲ್ಸಿ ಕೊಟ್ರು. ಅದನ್ನ ಬಳಿದ್ರೆ ಒಣಗಿ ಕರ್ರಗೆ ಕಲ್ಲಾಯ್ತು. ಬಣ್ಣಕ್ಕೆ ಗಾಜು ಬೇಕಿತ್ತು. ಜಿಲೇಟಿನ್ ಕಾಗ್ದ ಗೂಡಿನ ಬಿಸಿಗೆ ಮುದುಡ್ತಿತ್ತು.

"ಗಾಜಿನ ಬಳೆ ಆಯ್ತದಾ?" ಅಂದ್ರು ಅಮ್ಮ. ಕೊರಟಗೆರೆ ಸಂತೇಲಿ ತಗೊಂಡಿದ್ದ ಬಳೆ, ಒಡೆದವು, ಒಂದು ಡಬ್ಬೀಲಿ ಇಟ್ಟಿದ್ರು. ಅದ್ರಲ್ಲಿ ನೀಲೀನೂ ಇತ್ತು, ಕೆಂಪೂ ಇತ್ತು. ನೀಲಿ ಚೂರು ಕೂರಿಸಿ ಕರೆಂಟ್ ಕೊಟ್ಟಾಗ ಹಸ್ರು ಬಂತು ನೋಡಿ, ಆ ಅಮ್ಮ ಬಾಯ್ ಮೇಲೆ ಕೈ ಇಟ್ಕೊಂಡ್ರು. "ಅಯ್ಯೋ, ನನ್ ಕೈಲಿ ಇಷ್ಟ್ ದಿನ ರೈಲೇ ಇತ್ತೇನೋ!"

ಇಂಜಿನ್ನಿನ ಒಲೆ ಬಾಳ ಸತಾಯ್ಸ್ತು. ಕೆಂಪು ಗಾಜು ಹಾಕಿದ್ರೆ ಸಿಗ್ನಲ್ ಥರ ಕಾಣ್ತದೆ, ಬೆಂಕಿ ಥರ ಕಾಣಲ್ಲ. ಕೊನೆಗೆ ಬಲ್ಬನ್ನ ತಲೆಕೆಳಗೆ ಮಾಡಿ, ಬೆಳಕು ಕೆಳಗಿನ ಇದ್ಲ ಪುಡಿ ಮೇಲೆ ಬೀಳಂಗೆ ಇಟ್ಟೆ. ಬಲ್ಬು ಕಾಣದೆ, ಅದರ ಬೆಳಕು ಬಿದ್ದ ಇದ್ಲು ಮಾತ್ರ ಕಾಣ್ತಿತ್ತು. ಆಗ ಒಲೆ ಆಯ್ತು.

ಕರೆಂಟನ್ನ ನಂಬಂಗಿರ್ಲಿಲ್ಲ. ಒಂದು ಸಲ ಏರಿದ್ರೆ ಮತ್ತೆ ಹತ್ತಿ ಗಾಡಿ. ಟೀ ಹೋಟ್ಲಿನೋನ ಮೋಟಾರ್ ಬೈಕಿನ ಬ್ಯಾಟ್ರಿ ಆರು ವೋಲ್ಟಿಂದು, ಕೇಳ್ದೆ.

"ನನ್ ಮದ್ವೆ ಆರ್ಡರ್ ಮಾತು ಕೇಳ್ಲಿಲ್ಲ, ಈಗ ಬ್ಯಾಟ್ರಿ ಬೇಕಾ?" ಅಂದ. ಅಂದ್ಕೊಂಡೇ ಬಿಚ್ಚಿ ಕೊಟ್ಟ.

ಕೆಲ್ಸ ಮುಗಿದಾಗ ಸಿರಾಗೆ ಹೊರಡೋ ದಿನಾನೇ ಬಂದಿತ್ತು. ಸಂಜೆಯೊಳಗೆ ಕ್ಯಾಂಪಲ್ಲಿ ಹೆಸ್ರು ಬರೆಸ್ಬೇಕು, ಮಧ್ಯಾಹ್ನದ ಬಸ್ಸಿಗೆ ಹೋಗ್ಬೇಕು. ಕತ್ಲೆ ಆಗೋ ತಂಕ ಕಾಯಂಗಿಲ್ಲ. ಹಗಲಲ್ಲೇ ಕತ್ಲೆ ಮಾಡ್ಬೇಕು. ಊರಾಚೆ ಹೊಲದಲ್ಲಿ ಕುರಿ ಮಂದೆ ಹಾಕಿದ್ದ ಕುರುಬರ ಹತ್ರ ಹೋಗಿ ಕರೀ ಕಂಬ್ಳಿ ಕೇಳ್ದೆ.

"ಬೇಸ್ಗೇಲಿ ಕಂಬ್ಳಿ ಯಾಕಣ್ಣ? ಚಳಿ ಜ್ವರವಾ?"

"ಕತ್ಲೆ ಮಾಡಕ್ಕೆ."

"ಸಾಯಂಕಾಲ ತಂಕ ಕಾದ್ರೆ ಪುಕ್ಸಟ್ಟೆ ಬತ್ತದಲ್ಲ ಮಾರಾಯ!" ಅಂತ ನಕ್ಕು, ಅವರಲ್ಲೊಬ್ಬ ಹೆಗಲ ಮೇಲಿದ್ದದ್ದನ್ನೂ ತೆಗ್ದು ಕೊಟ್ಬುಟ್ಟ.

ಕಿಟಕಿ, ಬಾಗ್ಲು, ಹೆಂಚಿನ ಸಂದಿ, ಎಲ್ಲ ಕಡೆ ಕಂಬ್ಳಿ ಹೊಡ್ದೆ. ನಡುಮನೆ ತುಂಬ ಕುರಿ ವಾಸ್ನೆ. ಹೊರಗೆ ಸುಡೋ ಬಿಸ್ಲು, ಒಳಗೆ ಕೈ ಚಾಚಿದ್ರೆ ಕೈ ಕಾಣಲ್ಲ. ಜಮೇದಾರ್ರು ಸ್ಟೂಲ್ ಮೇಲೆ ಕೂತ್ರು. ಅಮ್ಮ ಬಾಗ್ಲ ಹತ್ರ ಬಟ್ಟೆ ಚೀಲ ಕಂಕುಳಲ್ಲಿ ಇಟ್ಕೊಂಡು ನಿಂತಿದ್ರು. ನಾನು ಬ್ಯಾಟ್ರಿಗೆ ಎಳೆ ಸೇರಿಸ್ದೆ.

"ಬೇಗ ಹಚ್ಚಪ್ಪಾ, ಬಸ್ಸು ಬಂದ್ಬುಡ್ತದೆ," ಅಂದ್ರು ಅಮ್ಮ.

"ಹಚ್ಚಿದೀನಿ ಕಣಮ್ಮ."

"ಎಲ್ಲಿ?"

ಬಿಸ್ಲಿಂದ ಬಂದ ಕಣ್ಣಿಗೆ ನಮ್ಮಿಬ್ಬರಿಗೂ ಏನೂ ಕಾಣ್ತಿರ್ಲಿಲ್ಲ. ಜಮೇದಾರ್ರೂ ಮಾತಾಡ್ಲಿಲ್ಲ. ಇನ್ನೂ ಸ್ವಲ್ಪ ಬೆಳಕು ಬುಡ್ಬೇಕಿತ್ತೇನೋ, ಇದೂ ಹೋಯ್ತೇನೋ ಅಂದ್ಕೊಂಡೆ. ನಿಧಾನಕ್ಕೆ ಒಂದು ಕೆಂಪು ಚುಕ್ಕಿ ಕಂಡ್ತು. ಆಮೇಲೆ ಹಸ್ರು. ಇದ್ಲ ಮೇಲೆ ಒಲೆ.

ಜಮೇದಾರ್ರು ಮುಂದಕ್ಕೆ ಬಗ್ಗಿದ್ರು. "ಹೋಂ," ಅಂದ್ರು. ಸ್ವಲ್ಪ ಬುಟ್ಟು, "ಪಾಯಿಂಟು. ನೀರಿನ ಸೊಂಡ್ಲು. ಟೈಲ್ ಲ್ಯಾಂಪು."

ಹಿಂದೆ ಒಂದು ಸಲ ನನ್ನ ಮನ್ಸು ನೋಯಿಸ್ಬಾರ್ದು ಅಂತ ಸುಳ್ಳು ಹೇಳಿದೋರು. ಈಗ್ಲೂ ಬಾಯಿಪಾಠ ಒಪ್ಪಿಸ್ತಿದಾರೇನೋ ಅಂತ ನನಗೆ ಗುಮಾನಿ ಇತ್ತು. ಆಗ ಅವರ ದನಿ ಬದಲಾಯ್ತು. ಕೆಳಗಿನೋರಿಗೆ ಡ್ಯೂಟಿ ಹೇಳೋ ದನಿ.

"ಔಟರ್ ಆರೋಗೈತೆ. ಯಾರ್ಲಾ ಅದು ದೀಪದೋನು?"

ನಾನು ಗಮನಿಸೇ ಇರ್ಲಿಲ್ಲ. ಹಲಗೆ ಕೆಳಗೆ ಕೈ ಹಾಕಿ ತಡವಿದೆ. ಔಟರ್ ಸಿಗ್ನಲ್ಲಿನ ಬೆಸುಗೆ ಬಿಟ್ಕೊಂಡಿತ್ತು. ಬೆಳ್ಳಲ್ಲಿ ಅದುಮಿ ಹಿಡಿದೆ. ದೂರದ ತುದೀಲಿ ಸಾಸಿವೆಯಷ್ಟು ಕೆಂಪು ಹತ್ಕೊಂಡ್ತು.

"ಹಾಂ. ಈಗ ಸರಿ," ಅಂದ್ರು ಜಮೇದಾರ್ರು.

ಕೈ ಬಿಟ್ರೆ ಆರೋಗ್ತದೆ ಅಂತ ನಾನು ಹಲಗೆ ಕೆಳಗೇ ಕೂತ್ಕೊಂಡೆ. ಮೇಲೆ ಅವ್ರು ಇಂಜಿನ್ನನ್ನ ತಳ್ತಿದ್ದದ್ದು ಕೇಳಿಸ್ತಿತ್ತು. ಹೋಗಿ ವ್ಯಾಗನ್ನಿಗೆ ಟಕ್ ಅಂತ ತಾಗೋದು, ವಾಪಸ್ ಎಳ್ಕೊಂಡು ಬರೋದು, ಇನ್ನೊಂದು ಹಳೀಗೆ ಬುಡೋದು. ಒಂದು ಸಲಾನೂ ತಡವ್ಲಿಲ್ಲ. ಹಳಿ ಬಿಟ್ಟು ಇಳೀಲೂ ಇಲ್ಲ.

ಅಮ್ಮ ಹತ್ರಕ್ಕೆ ಬಂದ್ರು. ಅವ್ರು ಇಷ್ಟು ವರ್ಷ ಸಂಸಾರ ಮಾಡಿದ್ರೂ ಯಜಮಾನ್ರು ಕೆಲ್ಸ ಮಾಡೋ ಜಾಗಾನ ರಾತ್ರಿ ಹೊತ್ತು ನೋಡೇ ಇರ್ಲಿಲ್ಲ. ಕ್ವಾರ್ಟರ್ಸಲ್ಲಿ ಬಾಗ್ಲು ಹಾಕ್ಕೊಂಡು ಕಾಯೋರು, ಅಷ್ಟೇ.

"ಇಷ್ಟು ಕತ್ಲೇಲಾ ನೀನು ವ್ಯಾಗನ್ ಮಧ್ಯ ಓಡಾಡ್ತಿದ್ದದ್ದು?" ಅಂದ್ರು.

"ಕತ್ಲೆ ಎಲ್ಲೈತೆ?" ಅಂದ್ರು ಜಮೇದಾರ್ರು. "ಇಷ್ಟೊಂದು ದೀಪ ಐತಲ್ಲ."

ಅಮ್ಮ ಚೀಲ ನೆಲದ ಮೇಲೆ ಇಟ್ಟ ಸದ್ದಾಯ್ತು. ಮಣೆ ಎಳ್ಕೊಂಡು ಅವರ ಪಕ್ಕ ಕೂತ್ರು. ಆಚೆ ರಸ್ತೇಲಿ ಸಿರಾ ಬಸ್ಸು ಹಾರನ್ ಹೊಡ್ಕೊಂಡು ಹೋಯ್ತು. ಮೂವರಿಗೂ ಕೇಳಿಸ್ತು. ಯಾರೂ ಏಳ್ಲಿಲ್ಲ. ಅದರ ಹಿಂದೆ ಬಂದ ಇನ್ನೊಂದು ಬಸ್ಸಿಗೆ ಅವರಿಬ್ರೂ ಹೋದ್ರು.

ಕ್ಯಾಂಪಲ್ಲಿ ಆಪ್ರೇಷನ್ ಚೆನ್ನಾಗಾಯ್ತು. ಸೋಡಾ ಬಾಟ್ಲಿ ತಳದಂಥ ದಪ್ಪ ಕನ್ನಡಕ ಬಂತು, ಬೀದೀಲಿ ಓಡಾಡೋಷ್ಟು ಕಣ್ಣು ಬಂತು. ಅದು ಡಾಕ್ಟ್ರ ಕೆಲಸ. ನನ್ನ ಕೆಲಸ ಅದರ ಹಿಂದಿನ ಆ ಒಂದು ಮಧ್ಯಾಹ್ನಕ್ಕೆ ಮುಗಿದಿತ್ತು.

ಇಷ್ಟು ಟೈಪ್ ಮಾಡಕ್ಕೆ ನನಗೆ ಬಾಳ ದಿನ ಹಿಡೀತು. ನಿಮ್ಮ ಕಸುಬಲ್ಲೂ ಜಾಸ್ತಿ ಮಾಡೋದನ್ನ ಬುಟ್ಟು ಕಮ್ಮಿ ಮಾಡಿದ ಮೇಲೆ ಕೆಲ್ಸ ಕೈಗೆ ಹತ್ತಿದ್ದು ಇದ್ರೆ, ಇಲ್ಲಾ ನಿಮ್ಮ ಮನೇಲಿ ಸೀಮೆಎಣ್ಣೆ ಸಿಗ್ನಲ್ಲಿನ ಕಾಲದಲ್ಲಿ ಯಾರ್ಡಲ್ಲಿ ದುಡಿದೋರು ಇದ್ರೆ, ಅವರ ಬಾಯಿಂದ ಕೇಳಿ ನಾಕು ಸಾಲು ಬರೀರಿ. ತಪ್ಪಿದ್ರೂ ಪರವಾಗಿಲ್ಲ. ನಾನೂ ತಪ್ಪು ತಪ್ಪೇ ಬರ್ದಿರೋದು.